ಹಳ್ಳಿದಾರಿ ನುಣುಪಾಗಲಿ, ಅಗಲವಾಗುವುದು ಬೇಡ

ಮಾನ್ಯ ಸಂಪಾದಕರೆ,

2026ರ ಜನವರಿಯಲ್ಲಿ ಪುಣೆ ಜಿಲ್ಲೆಯಲ್ಲಿ ಅಂತರರಾಷ್ಟ್ರೀಯ ಸೈಕಲ್ ಸ್ಪರ್ಧೆಯೊಂದು ನಡೆಯಿತು. 400 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿದ ಆ ಸ್ಪರ್ಧೆಗಾಗಿ ಸಹ್ಯಾದ್ರಿ ತಪ್ಪಲಿನ ಎಷ್ಟೋ ರಸ್ತೆಗಳ ಹೊಂಡಗಳು ಮುಚ್ಚಿದವು, ಹೊಸ ಡಾಂಬರು ಬಿತ್ತು. ಸೈಕಲ್ಲಿನ ನಿಮಿತ್ತ ಸರ್ಕಾರ ಇಷ್ಟು ಮುತುವರ್ಜಿಯಿಂದ ರಸ್ತೆ ದುರಸ್ತಿ ಮಾಡಿದ್ದನ್ನು ನಾನು ಈ ಭಾಗದಲ್ಲಿ ಹಿಂದೆ ಕಂಡಿಲ್ಲ. ಅದಕ್ಕಾಗಿ ಸಂಬಂಧಪಟ್ಟವರನ್ನು ಮನಸಾರೆ ಅಭಿನಂದಿಸುತ್ತೇನೆ. ಆದರೆ ಸ್ಪರ್ಧೆಯ ಚಪ್ಪರ ಕಳಚಿದ ಮೇಲೆ ಗುಡ್ಡಗಾಡಿನ ಈ ರಸ್ತೆಗಳ ಬಗ್ಗೆ ಊರವರು, ಅಧಿಕಾರಿಗಳು, ನಿವೇಶನ ಮಾರುವವರು ಯಾರೇ ಮಾತೆತ್ತಿದರೂ ಆ ಮಾತು ಕೊನೆಗೆ ಬಂದು ನಿಲ್ಲುವುದು ಅಗಲೀಕರಣದಲ್ಲಿಯೇ. ಬಹುಕಾಲದಿಂದ ಪುಣೆಯಲ್ಲಿ ನೆಲೆಸಿ, ರವಿವಾರ ಬಂತೆಂದರೆ ಸೈಕಲ್ ಏರಿ ಪಶ್ಚಿಮದ ಗುಡ್ಡಗಳ ಕಡೆಗೆ ಹೊರಡುವ ಕನ್ನಡಿಗನಾಗಿ ನನ್ನ ಬೇಡಿಕೆ ಇಷ್ಟೇ: ಈ ಹಳ್ಳಿದಾರಿಗಳು ನುಣುಪಾಗಲಿ, ಆದರೆ ಅಗಲವಾಗುವುದು ಬೇಡ, ಜೊತೆಗೆ ರವಿವಾರ ಬೆಳಗಿನ ಮೂರು ತಾಸು ಅಲ್ಲಿ ಭಾರೀ ವಾಹನಗಳು ಓಡದಂತೆ ಆದೇಶವಾಗಲಿ.

ಉದ್ಯೋಗದ ನಿಮಿತ್ತ ಹಿಂಜವಡಿಗೋ ಖರಾಡಿಗೋ ಬಂದಿಳಿಯುವ ನಮ್ಮ ಕಡೆಯ ಯುವಕ ಯುವತಿಯರಿಗೆ ಪುಣೆಯಲ್ಲಿ ಸೈಕಲ್ ಸವಾರಿಯೆಂದರೆ ಸಿಂಹಗಡ, ಇಲ್ಲವೇ ಲೋಣಾವಳಾ. ಬೆಂಗಳೂರಿನವರಿಗೆ ನಂದಿಬೆಟ್ಟ ಹೇಗೋ ಪುಣೆಯವರಿಗೆ 1,312 ಮೀಟರ್ ಎತ್ತರದ ಸಿಂಹಗಡ ಹಾಗೆ. ಬುಡದಿಂದ ಕೋಟೆಯ ಬಾಗಿಲವರೆಗಿನ ಏರು ಯಾರ ಕಾಲಿಗಾದರೂ ಪರೀಕ್ಷೆಯೇ ಸರಿ. ಆದರೆ ರಜಾದಿನ ಬಿಸಿಲೇರುವುದರೊಳಗೆ ಅಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಲೋಣಾವಳಾಕ್ಕೆ ಹೋಗುವ ಹಳೆಯ ಮುಂಬಯಿ ಹೆದ್ದಾರಿ ಅಗಲವಾಗಿದ್ದರೂ ಲಾರಿಗಳ ಗದ್ದಲ ತಪ್ಪಿದ್ದಲ್ಲ. ದಕ್ಷಿಣಕ್ಕೆ ಹೋಗೋಣವೆಂದರೆ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ಅಪಘಾತಗಳಿಗೆ ಕುಖ್ಯಾತವಾಗಿದೆ, ಅಲ್ಲಿ ಸೈಕಲ್ ಇಳಿಸುವುದು ಜೀವದ ಜೊತೆ ಆಡುವ ಆಟ. ಈ ಮೂರನ್ನು ನೋಡಿ ಬೇಸತ್ತವರು ಸೈಕಲ್ಲನ್ನು ಬಾಲ್ಕನಿಗೆ ಸೇರಿಸಿಬಿಡುತ್ತಾರೆ. ತಪ್ಪಲಿನ ನಿಜವಾದ ಸಂಪತ್ತು ಈ ಹೆಸರಾಂತ ರಸ್ತೆಗಳ ನಡುವಣ ಕಣಿವೆಗಳಲ್ಲಿದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಈ ನೆಲದ ರಚನೆಯನ್ನು ಒಮ್ಮೆ ಅರಿತುಕೊಂಡರೆ ದಾರಿಗಳು ತಾವಾಗಿಯೇ ಅರ್ಥವಾಗುತ್ತವೆ. ಸಹ್ಯಾದ್ರಿಯ ಮುಖ್ಯ ಸಾಲಿನಿಂದ ಪೂರ್ವದ ಬಯಲಿನತ್ತ, ಅಂಗೈಯಿಂದ ಬೆರಳುಗಳು ಚಾಚಿಕೊಂಡಂತೆ, ಗುಡ್ಡದ ಏಣುಗಳು ಚಾಚಿಕೊಂಡಿವೆ. ಎರಡು ಏಣುಗಳ ನಡುವೆ ಒಂದು ಹೊಳೆ. ಉತ್ತರದಿಂದ ದಕ್ಷಿಣಕ್ಕೆ ಎಣಿಸುತ್ತ ಬಂದರೆ ಪವನಾ, ಮುಳಾ, ಮುಠಾ, ಮೋಸೆ, ಆಂಬಿ, ಕಾನಂದಿ, ಗುಂಜವಣಿ, ವೇಳವಂಡಿ, ನೀರಾ. ಶಿವಾಜಿ ಮಹಾರಾಜರ ಕಾಲದ ಮಾವಳಗಳೆಂದರೆ ಈ ಹೊಳೆಗಳ ಕಣಿವೆಗಳೇ. ಇವುಗಳಲ್ಲಿ ಬಹುತೇಕ ಹೊಳೆಗಳಿಗೆ ಅಣೆಕಟ್ಟು ಬಿದ್ದಿದೆ, ಆದ್ದರಿಂದ ಕಣಿವೆಯೊಳಗಿನ ರಸ್ತೆಗಳು ಹಿನ್ನೀರಿನ ಅಂಚು ಹಿಡಿದು ಸಣ್ಣ ಏರಿಳಿತಗಳೊಡನೆ ಸಾಗುತ್ತವೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಮಾತ್ರ ಏಣನ್ನೇರಿ ಖಿಂಡಿಯನ್ನು, ಅಂದರೆ ಏಣಿನ ತಗ್ಗಾದ ಸಂದನ್ನು, ಹಾಯಬೇಕು. ಲಾವಾ ಪದರ ಪದರವಾಗಿ ಹರಿದು ಗಟ್ಟಿಗೊಂಡ ಬಸಾಲ್ಟ್ ಗುಡ್ಡಗಳು ಇವಾದ್ದರಿಂದ ಏರು ಕೂಡ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ: ಕಡಿದಾದ ಒಂದು ತುಂಡು, ಉಸಿರು ಹದಕ್ಕೆ ಬರುವಷ್ಟು ಮಟ್ಟಸ, ಮತ್ತೆ ಕಡಿದಾದ ಇನ್ನೊಂದು ತುಂಡು. ಒಂದು ಕಣಿವೆಯಲ್ಲಿ ಹೋಗಿ, ಖಿಂಡಿ ದಾಟಿ, ಪಕ್ಕದ ಕಣಿವೆಯಲ್ಲಿ ಹಿಂತಿರುಗುವ ಸುತ್ತನ್ನು ಬಲ್ಲವನಿಗೆ ಪುಣೆಯಲ್ಲಿ ದಾರಿಗಳ ಬರವಿಲ್ಲ.

ಇಂಥ ಸುತ್ತುಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಖಡಕವಾಸಲಾ ಹಿನ್ನೀರಿನ ಉತ್ತರ ದಂಡೆಯದು. ವಾರಜೆ, ಶಿವಣೆ, ಉತ್ತಮನಗರಗಳ ಇಕ್ಕಟ್ಟನ್ನು ದಾಟಿ, ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಗೋಡೆಯ ಬದಿಯಿಂದ ಹೊರಬಿದ್ದು, ಕುಡಜೆ, ಮಾಂಡವಿ, ಸಾಂಗ್ರುಣ ಎಂಬ ಹಳ್ಳಿಗಳನ್ನು ಹಾಯ್ದು ಬಹುಲಿಯತ್ತ ಹೋಗುವ ದಾರಿ ಇದು. ನಗರದಿಂದ ಒಂದು ತಾಸಿನ ತುಳಿತದಲ್ಲಿ ಹಾರ್ನ್ ಸದ್ದು ಪೂರ್ತಿ ಹಿಂದೆ ಬಿದ್ದು, ಮುಂದೆ ಹೋಗುವವನ ಚೈನಿನ ಸದ್ದು ಕಿವಿಗೆ ಬೀಳತೊಡಗುತ್ತದೆ. ಬೆಳಗಿನ ಹೊತ್ತು ಇಲ್ಲಿ ಎದುರಾಗುವವರು ಮೋಟಾರ್ ಸೈಕಲ್ಲಿನ ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು ಪೇಟೆಗೆ ಹಾಲು ಒಯ್ಯುವ ಗೌಳಿಗಳು. ತಿರುವಿಗೆ ಮುನ್ನವೇ ವೇಗ ತಗ್ಗಿಸಿ, ಸೈಕಲ್ಲಿಗೆ ದಾರಿ ಬಿಟ್ಟು, 'ರಾಮ್ ರಾಮ್' ಎಂದು ತಲೆಯಾಡಿಸಿ ಸಾಗುತ್ತಾರೆ. ಸಾಂಗ್ರುಣದ ಬಳಿ ಮುಠಾ, ಮೋಸೆ, ಆಂಬಿ ಮೂರೂ ಕೂಡುತ್ತವೆ. ಮಳೆಗಾಲ ಮುಗಿದ ಮೇಲಿನ ವಾರಗಳಲ್ಲಿ ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳು ತೆನೆಗಟ್ಟಿ ನಿಂತಿರುತ್ತವೆ. ಆ ಹೊತ್ತಿನ ಗಾಳಿಯ ಪರಿಮಳಕ್ಕೆಂದೇ ನಾನು ಅಕ್ಟೋಬರಿನ ದಾರಿ ಕಾಯುವುದುಂಟು. ಬಹುಲಿಯಿಂದ ಮುಠಾ ಗ್ರಾಮದ ಕಡೆಗೆ ಸಾಗಿ ಪಿರಂಗುಟದ ಮೂಲಕ ಮರಳಬಹುದು. ಕಾಲಲ್ಲಿ ಕಸುವಿದ್ದವರು ಟೇಮಘರ ಅಣೆಕಟ್ಟೆಯ ಮೇಲ್ಗಡೆ ಲವಾಸಾದ ಏರನ್ನೂ ಹತ್ತಬಹುದು.

ಖಡಕವಾಸಲಾ ನಮ್ಮವರಿಗೆ ಹೊಸ ಹೆಸರಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊಟ್ಟಮೊದಲು, 1903ರಲ್ಲಿ, ಅಳವಡಿಸಿದ್ದು ಇದೇ ಜಲಾಶಯಕ್ಕೆ. ಪುಣೆಯಲ್ಲಿಯೇ ಎಂಜಿನಿಯರಿಂಗ್ ಓದಿದ ಅವರು ಕೆಲಸ ಮಾಡಿದ ಜಾಗವನ್ನು ಕಾರಿನ ಕಿಟಕಿಯಿಂದ ನೋಡುವುದಕ್ಕೂ ಸೈಕಲ್ ನಿಲ್ಲಿಸಿ, ಒಂದು ಕಾಲನ್ನು ನೆಲಕ್ಕೂರಿ, ನೀರಿನ ಹರವನ್ನು ಕಣ್ತುಂಬ ನೋಡುವುದಕ್ಕೂ ಬಹಳ ಅಂತರವಿದೆ.

ದಕ್ಷಿಣ ದಂಡೆಯ ಪಾನಶೆತ ರಸ್ತೆಯಲ್ಲಿ ಡೋಣಜೆಯವರೆಗೆ ರವಿವಾರದ ಜಾತ್ರೆಯೇ ನೆರೆದಿರುತ್ತದೆ. ಸಿಂಹಗಡದ ಕವಲು ಕಳೆದು ಖಾನಾಪುರ ಮುಟ್ಟಿದ ಮೇಲೆ ದಾರಿ ತನ್ನ ಗುಣಕ್ಕೆ ಮರಳುತ್ತದೆ. ಖಾನಾಪುರದ ಹತ್ತಿರ ಎಡಕ್ಕೆ ಹೊರಳಿ ರಾಂಜಣೆಯ ಮೇಲೆ ಹಾಯ್ದರೆ ಪಾಬೆ ಘಾಟ್ ಎದುರಾಗುತ್ತದೆ. ತಪ್ಪಲಿನ ಏರುಗಳಲ್ಲೆಲ್ಲ ನಾನು ಎಲ್ಲಕ್ಕಿಂತ ಮೇಲೆ ಇಡುವ ಏರು ಇದು. ಇಲ್ಲಿನ ಕೆಲವು ತಿರುವುಗಳಲ್ಲಿ ಮುಂದಿನ ಚಕ್ರ ಮೇಲೇಳುವಷ್ಟು ಚಡಾವು ಇರುವುದರಿಂದ ತೂಕವನ್ನು ಹ್ಯಾಂಡಲ್ಲಿನ ಕಡೆಗೆ ಬಾಗಿಸಿ ತುಳಿಯಬೇಕು. ಹಿಂದಿನ ಗಾಲಿಯಲ್ಲಿ 32 ಹಲ್ಲಿನ ಗಿಯರ್ ಇಲ್ಲದವರು ಹತ್ತಿ ನೋಡುವ ಸಾಹಸಕ್ಕೆ ಹೋಗದಿರುವುದು ಲೇಸು. ಖಿಂಡಿಯ ನೆತ್ತಿಯಲ್ಲಿ ನಿಂತರೆ 1,403 ಮೀಟರ್ ಎತ್ತರದ ತೋರಣಾ ಒಂದು ಕಡೆ, ರಾಜಗಡ ಇನ್ನೊಂದು ಕಡೆ. ಅಲ್ಲಿಂದ ವೇಲ್ಹೆಗೆ ಇಳಿಯುವ ದಾರಿಯಲ್ಲಿ ತಾಸುಗಟ್ಟಲೆ ಹೋದರೂ ಎದುರಾಗುವುದು ರಾಜ್ಯ ಸಾರಿಗೆಯ ಒಂದೋ ಎರಡೋ ಕೆಂಪು ಬಸ್ಸು. ಮರಳುವಾಗ ನಸರಾಪುರದ ಹತ್ತಿರ ಹೆದ್ದಾರಿ ಸೇರುವುದಕ್ಕಿಂತ ಬಂದ ದಾರಿಯಲ್ಲೇ ಪಾಬೆ ಘಾಟನ್ನು ಮತ್ತೊಮ್ಮೆ ಹತ್ತುವುದು ಶ್ರಮದ್ದಾದರೂ ಕ್ಷೇಮ.

ಉತ್ತರಕ್ಕೆ ಪೌಡದಿಂದ ಕೋಳವಣ, ಹಾಡಶಿಗಳ ಮೇಲೆ ಹಾಯ್ದು ತಿಕೋನಾ ಕೋಟೆಯ ಬುಡಕ್ಕೆ ಇಳಿಯುವ ದಾರಿಯೂ ಇದೇ ಜಾತಿಯದು. ಕೋಳವಣದ ಕಣಿವೆಯಲ್ಲಿ ನೆಲ ಹಸಿರಾಗಿ, ಮಟ್ಟಸವಾಗಿ ಹರಡಿಕೊಂಡಿದೆ. ಹಾಡಶಿಯಿಂದಾಚೆ ಒಂದು ಏರು, ಅದರ ನೆತ್ತಿಯಿಂದ ತಿಕೋನಾ, ತುಂಗ, ಲೋಹಗಡ, ವಿಸಾಪುರ ಎಂಬ ನಾಲ್ಕು ಕೋಟೆಗಳ ನೆರೆಹೊರೆ. ಪವನಾ ಜಲಾಶಯದ ಬಗಲಲ್ಲಿ ಸಾಗಿ ಕಾಮಶೇತ ತಲುಪಿದರೆ ಅಲ್ಲಿ ಲೋಣಾವಳಾ–ಪುಣೆ ಲೋಕಲ್ಲಿನ ನಿಲ್ದಾಣವಿದೆ. ರವಿವಾರದ ಲೋಕಲ್ಲಿನಲ್ಲಿ ಸೈಕಲ್ಲಿಗೆ ಒಂದು ಡಬ್ಬಿಯ ಮೂಲೆಯನ್ನಾದರೂ ಬಿಟ್ಟುಕೊಟ್ಟರೆ ಹಳೆಯ ಹೆದ್ದಾರಿಯ ಲಾರಿಗಳ ನಡುವೆ ಮರಳುವ ಕಷ್ಟ ಎಷ್ಟು ಜನರಿಗೆ ತಪ್ಪೀತು! ಪೂರ್ವದಲ್ಲಿ ಪುರಂದರ ತಾಲೂಕಿನ ದಾರಿಗಳು, ಅಂದರೆ ಬೋಪದೇವ ಘಾಟ್ ಹತ್ತಿ ಸಾಸವಡ, ನಾರಾಯಣಪುರಗಳ ಕಡೆಗೆ ಹೋಗುವವು, ಮಳೆ ಕಡಿಮೆಯಾದ ಒಣ ನೆಲದವು. ಅಂಜೂರ, ಸೀತಾಫಲಗಳ ತೋಟಗಳ ನಡುವೆ ಹಾಯುವ ಅವೂ ಒಳ್ಳೆಯ ದಾರಿಗಳೇ, ಆದರೆ ಬೋಪದೇವದ ವಾಹನ ದಟ್ಟಣೆ ಏರುತ್ತಿರುವುದರಿಂದ ಅವನ್ನು ನಿಶ್ಶಬ್ದ ದಾರಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇವೆಲ್ಲ ನಿಶ್ಶಬ್ದವಾಗಿ ಉಳಿದಿರುವುದು ಹೇಗೆ ಎಂಬುದನ್ನು ಅಧಿಕಾರದಲ್ಲಿರುವವರು ಯೋಚಿಸಬೇಕೆಂದು ನನ್ನ ವಿನಂತಿ. ಜನವಸತಿ ವಿರಳವೆಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ರಸ್ತೆಯ ಅಳತೆ. ನಮ್ಮ ದೇಶದ ರಸ್ತೆ ಮಾನದಂಡದಂತೆ ಏಕಪಥದ ಅಗಲ 3.75 ಮೀಟರ್, ಮಧ್ಯಮ ಪಥದ್ದು 5.5 ಮೀಟರ್, ದ್ವಿಪಥದ್ದು 7 ಮೀಟರ್. ಈ ಕಣಿವೆಗಳ ಹಳ್ಳಿದಾರಿಗಳು ಹೆಚ್ಚಾಗಿ ಮೊದಲ ಅಳತೆಯವು. 3.75 ಮೀಟರಿನಲ್ಲಿ ಎದುರಿನಿಂದ ಒಂದು ವಾಹನ ಬಂದರೆ ಇಬ್ಬರೂ ವೇಗ ಇಳಿಸಲೇಬೇಕು, ಒಬ್ಬರು ಅಂಚಿಗೆ ಸರಿಯಲೇಬೇಕು. ಫಲಕವಿಲ್ಲದೆ, ಪೊಲೀಸರಿಲ್ಲದೆ, ಕ್ಯಾಮರಾ ಇಲ್ಲದೆ ರಸ್ತೆಯೇ ಎಲ್ಲರ ವೇಗವನ್ನು ಹತೋಟಿಯಲ್ಲಿಡುತ್ತದೆ. ಅದೇ ರಸ್ತೆ 7 ಮೀಟರಿಗೆ ಹಿಗ್ಗಿದ ದಿನ ಈ ಹತೋಟಿ ಕಳಚಿ ಬೀಳುತ್ತದೆ. ಆಗ ವಾರಾಂತ್ಯಕ್ಕೆ ಪವನಾ ದಂಡೆಯ ಡೇರೆಗಳಿಗೆ ಧಾವಿಸುವ ಕಾರು ಹಳ್ಳಿಯ ನಡುವೆ ಹೆದ್ದಾರಿಯ ವೇಗದಲ್ಲೇ ಸಾಗುತ್ತದೆ. ಸೈಕಲ್ಲಿನವನು ಹಾಗಿರಲಿ, ಎಮ್ಮೆ ಹೊಡೆದುಕೊಂಡು ಹೋಗುವ ಮುದುಕಿ ತನ್ನ ಮನೆಯ ಮುಂದಿನ ರಸ್ತೆ ದಾಟಲು ಹೆದರಬೇಕಾಗುತ್ತದೆ.

ಪೌಡ–ಮುಳಶಿ–ತಾಮ್ಹಿಣಿ ರಸ್ತೆಯ ಕಥೆಯನ್ನೇ ನೋಡಿ. ಪುಣೆಯ ಸೈಕಲ್ ಸವಾರರು ಒಂದು ಕಾಲಕ್ಕೆ ಕಣ್ಣಿಗೊತ್ತಿಕೊಳ್ಳುತ್ತಿದ್ದ ದಾರಿ ಅದು. ಒಂದು ಬದಿಗೆ ಮುಳಶಿ ಜಲಾಶಯ. 1921ರಲ್ಲಿ ಸೇನಾಪತಿ ಬಾಪಟರ ಮುಂದಾಳುತನದಲ್ಲಿ ರೈತರು ಸತ್ಯಾಗ್ರಹ ಹೂಡಿದ್ದು ಇದರ ಅಣೆಕಟ್ಟೆಯ ವಿರುದ್ಧವೇ. ಪೂರ್ವಕ್ಕೆ ಹರಿಯಬೇಕಾಗಿದ್ದ ಮುಳಾ ನೀರು ಅಲ್ಲಿಂದ ಘಟ್ಟದ ಕೆಳಗಿನ ಭೀರಾ ವಿದ್ಯುದಾಗಾರಕ್ಕೆ, ಪಶ್ಚಿಮಕ್ಕೆ ಧುಮುಕುತ್ತದೆ. ಮುಂದೆ ತಾಮ್ಹಿಣಿ, ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ತಾಣಗಳಲ್ಲೊಂದು; ಪುಣೆ ನಗರದಲ್ಲಿ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಬಿದ್ದರೆ ಅಲ್ಲಿ ಅದರ ಹಲವು ಪಟ್ಟು. ಅಂಥ ರಸ್ತೆ ರಾಷ್ಟ್ರೀಯ ಹೆದ್ದಾರಿಯ ದರ್ಜೆಗೇರಿ ಅಗಲಗೊಂಡ ಮೇಲೆ ರವಿವಾರ ಅಲ್ಲಿ ಸೈಕಲ್ ತುಳಿಯುವವರು ಅಪರೂಪವಾಗಿದ್ದಾರೆ. ಘಾಟಿನ ತಿರುವಿನಲ್ಲಿ ಕಾರುಗಳು ಕಣಿವೆಗೆ ಉರುಳಿದ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಕೊಂಕಣಕ್ಕೆ ಇಳಿಯುವ ರಸ್ತೆ ಅದಾಗಿರುವುದರಿಂದ ಅದರ ಅಗಲೀಕರಣಕ್ಕೆ ಒಂದು ಸಮರ್ಥನೆಯಾದರೂ ಇದೆ ಎನ್ನೋಣ. ಬಹುಲಿ, ಪಾಬೆ, ಕೋಳವಣದ ದಾರಿಗಳು ಕೊಂಕಣಕ್ಕೆ ಇಳಿಯುವವಲ್ಲ. ಅವು ಅಗಲವಾದರೆ ಅನುಕೂಲವಾಗುವುದು ಗುಡ್ಡದ ಇಳಿಜಾರನ್ನು ಕೊರೆದು ಫಾರ್ಮ್‌ಹೌಸಿನ ನಿವೇಶನ ಮಾರುವವರಿಗೆ ಮತ್ತು ಆ ನಿವೇಶನಗಳಿಗೆ ಕಲ್ಲು, ಮುರಮು (ಗರಸು ಮಣ್ಣು) ಹೊರುವ ಡಂಪರುಗಳಿಗೆ.

ಅಗಲೀಕರಣದ ಜೊತೆಜೊತೆಗೆ ಬರುವ ಸಿಮೆಂಟ್ ಕಾಂಕ್ರೀಟಿನ ಬಗ್ಗೆಯೂ ಒಂದಿಷ್ಟು ವಿವರವಾಗಿ ಹೇಳಬೇಕು, ಏಕೆಂದರೆ ಕಾರಿನಲ್ಲಿ ಕುಳಿತವರಿಗೆ ಇದು ಕಾಣುವುದಿಲ್ಲ. ಹೊಸ ಕಾಂಕ್ರೀಟು ಹಳೆಯ ರಸ್ತೆಯ ಮೇಲೆಯೇ ಏಳುವುದರಿಂದ ಅದರ ಅಂಚು ಬದಿಯ ಮಣ್ಣಿಗಿಂತ ಒಂದು ಗೇಣು ಎತ್ತರದಲ್ಲಿ ನಿಲ್ಲುತ್ತದೆ. ಬದಿಗೆ ಮುರಮು ತುಂಬಿ ಸಮ ಮಾಡಬೇಕೆಂಬುದು ಕೆಲಸದ ಭಾಗವೇ ಆದರೂ ಅನೇಕ ಕಡೆ ಅದು ನಡೆದಿಲ್ಲ, ನಡೆದ ಕಡೆ ಮೊದಲ ಮಳೆಗೇ ಕೊಚ್ಚಿಹೋಗಿದೆ. ಹಿಂದಿನಿಂದ ಡಂಪರು ಹಾರ್ನ್ ಹೊಡೆದು ಮೈಮೇಲೆ ಬಂದಾಗ ಡಾಂಬರು ರಸ್ತೆಯಲ್ಲಾದರೆ ಮಣ್ಣಿಗೆ ಇಳಿದು ಜೀವ ಉಳಿಸಿಕೊಳ್ಳಬಹುದು, ಇಲ್ಲಿ ಇಳಿಯುವುದೆಂದರೆ ಬೀಳುವುದು. ಇನ್ನು ಎರಡು ಹಾಸುಗಳು ಕೂಡುವಲ್ಲಿ, ರಸ್ತೆಯ ಉದ್ದಕ್ಕೆ, ಒಂದು ಸಂದು ಉಳಿಯುತ್ತದೆ. ಅದರ ಡಾಂಬರು ಬಿಸಿಲಿಗೆ ಕರಗಿ ಮಳೆಗೆ ಕಿತ್ತುಹೋದ ಮೇಲೆ 25 ಮಿಲಿಮೀಟರಿನ ಟಯರು ಅದರೊಳಗೆ ಸರಾಗವಾಗಿ ಇಳಿಯುತ್ತದೆ, ಹೊರಗೆ ಬರುವುದಿಲ್ಲ. ನಮ್ಮ ಜೊತೆಗಾರರೊಬ್ಬರು ಇಳಿಜಾರಿನಲ್ಲಿ ಹೀಗೆಯೇ ಚಕ್ರ ಸಿಕ್ಕಿ ಬಿದ್ದು ಹೆಗಲ ಕೊರಳೆಲುಬು ಮುರಿದುಕೊಂಡರು. 32 ಮಿಲಿಮೀಟರಿನ ಟಯರು ಹಾಕಿಕೊಳ್ಳಿ ಎಂದು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಆದರೆ ಒಳ್ಳೆಯ ಟಯರು ಕೆಟ್ಟ ಕೆಲಸಕ್ಕೆ ಪರಿಹಾರವಾಗಲಾರದು.

ರಸ್ತೆ ಅಗಲವಾಗಬಾರದೆನ್ನಲು ನಗರದಿಂದ ವಾರಕ್ಕೊಮ್ಮೆ ಬರುವ ನಿಮಗೇನು ಹಕ್ಕು ಎಂದು ಹಳ್ಳಿಯವರು ಕೇಳಬಹುದು, ಕೇಳಿದ್ದಾರೆ ಕೂಡ. ಆ ಪ್ರಶ್ನೆ ನ್ಯಾಯವಾದುದು. ಹೆರಿಗೆಯ ನೋವು ತಿನ್ನುತ್ತಿರುವವಳನ್ನು ತಾಲೂಕಿನ ಆಸ್ಪತ್ರೆಗೆ ಸಾಗಿಸುವವರಿಗೆ, ಕ್ಯಾನಿನ ಹಾಲು ಕೆಡುವುದರೊಳಗೆ ಡೇರಿ ಮುಟ್ಟಬೇಕಾದವರಿಗೆ ಹೊಂಡ ಬಿದ್ದ ರಸ್ತೆಯೇ ಇರಲೆಂದು ಹೇಳುವ ಅಧಿಕಾರ ಯಾವ ಸೈಕಲ್ ಸವಾರನಿಗೂ ಇಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ಮಾವಳದ ಗಾಳಿಮಳೆಯಲ್ಲಿ ಡಾಂಬರು ಎರಡು ವರ್ಷಕ್ಕೆ ಎದ್ದುಹೋಗುತ್ತದೆ ಎಂಬ ಅವರ ದೂರಿನಲ್ಲಿ ಸತ್ಯವಿದೆ. ಆದರೆ ಆಂಬುಲೆನ್ಸಿಗೂ ಹಾಲಿನ ಗಾಡಿಗೂ ಬೇಕಾಗಿರುವುದು ಹೊಂಡವಿಲ್ಲದ ಮೈ, ನೀರು ಹರಿದುಹೋಗಲು ಚರಂಡಿ, ಎದುರುಬದುರಾದ ವಾಹನಗಳು ದಾಟಿಹೋಗಲು ಅಲ್ಲಲ್ಲಿ ಒಂದಿಷ್ಟು ಅಗಲದ ತಾಣ. ಈ ಮೂರನ್ನೂ 3.75 ಮೀಟರಿನ ರಸ್ತೆಯಲ್ಲಿಯೇ ಒದಗಿಸಬಹುದು. ಅಗಲೀಕರಣಕ್ಕೆ ಗುಡ್ಡದ ಬದಿಯನ್ನು ಕಡಿದರೆ ಸಡಿಲಗೊಂಡ ಮಣ್ಣು ಮರುವರ್ಷದ ಮಳೆಗೆ ರಸ್ತೆಯ ಮೇಲೆಯೇ ಬಂದು ಬೀಳುತ್ತದೆ. ಆಗ ಆಂಬುಲೆನ್ಸೂ ಇಲ್ಲ, ಹಾಲೂ ಇಲ್ಲ. ಅಗಲೀಕರಣಕ್ಕೆಂದು ಇಟ್ಟ ಹಣದಲ್ಲಿ ಇರುವ ಅಗಲವನ್ನೇ ಚರಂಡಿ ಸಮೇತ ಗಟ್ಟಿಮುಟ್ಟಾಗಿ ಕಟ್ಟಿ, ಉಳಿದುದನ್ನು ಐದಾರು ವರ್ಷಗಳ ನಿರ್ವಹಣೆಗೆ ಕಾದಿರಿಸಿದರೆ ಹಳ್ಳಿಯವರಿಗೆ ಆಗುವ ಲಾಭ ಇಂದಿನದಕ್ಕಿಂತ ಹೆಚ್ಚು.

ಭಾರೀ ವಾಹನಗಳ ವಿಷಯ ಇದಕ್ಕಿಂತ ಸುಲಭವಾದುದು, ಏಕೆಂದರೆ ಅದಕ್ಕೆ ಹಣವೂ ಬೇಡ, ಹೊಸ ಕಾನೂನೂ ಬೇಡ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮು ಸಾರ್ವಜನಿಕರ ಸುರಕ್ಷತೆಗಾಗಿ ಗೊತ್ತುಪಡಿಸಿದ ರಸ್ತೆಯಲ್ಲಿ ಗೊತ್ತುಪಡಿಸಿದ ಬಗೆಯ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಕೊಟ್ಟಿದೆ. ವೇಗದ ಮಿತಿಗೆ 112ನೇ ಕಲಮು ಇದೆ. ಭೋರದಿಂದ ಮಹಾಡಕ್ಕೆ ಇಳಿಯುವ ವರಂಧಾ ಘಾಟನ್ನು ಮಳೆಗಾಲದಲ್ಲಿ ಜಿಲ್ಲಾಡಳಿತ ವಾಹನಗಳಿಗೆ ಮುಚ್ಚಿರುವುದು ಹೊಸದೇನಲ್ಲ. ಅದೇ ಅಧಿಕಾರವನ್ನು ಬಳಸಿ, ರವಿವಾರ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಡಂಪರು ಮತ್ತು ಲಾರಿಗಳು ಬಹುಲಿ ದಂಡೆಯ ರಸ್ತೆಗೆ, ಪಾಬೆ ಘಾಟಿಗೆ, ಕೋಳವಣ–ತಿಕೋನಾ ದಾರಿಗೆ ಇಳಿಯದಂತೆ ಆದೇಶ ಹೊರಡಿಸಬಹುದು, ಅಲ್ಲೆಲ್ಲ ಉಳಿದ ವಾಹನಗಳಿಗೆ ಗಂಟೆಗೆ 30 ಕಿಲೋಮೀಟರಿನ ಮಿತಿಯನ್ನು ವಾರವಿಡೀ ಜಾರಿಗೆ ತರಬಹುದು. ಹಾಲಿನ ಗಾಡಿ, ಎಸ್.ಟಿ. ಬಸ್ಸು, ರೋಗಿಯನ್ನು ಒಯ್ಯುವ ವಾಹನ, ಊರವರ ಸ್ವಂತ ವಾಹನ ಯಾವುದನ್ನೂ ತಡೆಯಬೇಕಾಗಿಲ್ಲ. ಕಲ್ಲುಕ್ವಾರಿಯ ಮಾಲು ಮೂರು ತಾಸು ತಡವಾಗಿ ಹೊರಟರೆ ಯಾರ ಮನೆಯೂ ಮುಳುಗುವುದಿಲ್ಲ. ವೇಗ ತಗ್ಗಿಸಲು ಅಡ್ಡಲಾಗಿ ಹಾಕುವ ಉಬ್ಬುಗೆರೆಗಳ ಅಂಚಿನಲ್ಲಿ ಒಂದು ಮೊಳದಷ್ಟು ಜಾಗ ಬಿಟ್ಟರೆ ಸೈಕಲ್ಲು ಕುಲುಕದೆ ಹಾಯುತ್ತದೆ ಎಂಬುದನ್ನೂ ಗುತ್ತಿಗೆದಾರರಿಗೆ ಸೂಚಿಸಬೇಕು.

ಇದರಷ್ಟೇ ತುರ್ತಿನ ಇನ್ನೊಂದು ಸಂಗತಿಯಿದೆ. ಪುಣೆಯ ಸುತ್ತ ಬರಲಿರುವ 110 ಮೀಟರ್ ಅಗಲದ ವರ್ತುಲ ರಸ್ತೆಯ ಪಶ್ಚಿಮ ಭಾಗ ಮಾವಳ, ಮುಳಶಿ, ಹವೇಲಿ, ಭೋರ ತಾಲೂಕುಗಳನ್ನು ಸೀಳಿಕೊಂಡು ಸಾಗುತ್ತದೆ. ನಾನು ಮೇಲೆ ಹೇಳಿದ ಕಣಿವೆಗಳಿಗೆ ನಗರದಿಂದ ಹೋಗುವವರು ಆ ಗೆರೆಯನ್ನು ದಾಟಲೇಬೇಕು. ಪ್ರತಿ ಹಳ್ಳಿದಾರಿಗೂ ಅದರ ಕೆಳಗೆ ನೇರವಾದ, ಬೆಳಕಿರುವ, ಮಳೆಯಲ್ಲಿ ನೀರು ನಿಲ್ಲದ ಹಾದಿ ಉಳಿಯದಿದ್ದರೆ, ಹತ್ತಿರದ ಮೇಲ್ಸೇತುವೆಯವರೆಗೆ ಹೋಗಿ ಸುತ್ತಿಕೊಂಡು ಬನ್ನಿ ಎಂದರೆ, ಸೈಕಲ್ಲಿನವರ ಜೊತೆಗೆ ಶಾಲೆಗೆ ನಡೆದು ಹೋಗುವ ಮಕ್ಕಳ ದಾರಿಯೂ ಕಡಿದುಹೋಗುತ್ತದೆ. ಕಟ್ಟುವ ಹೊತ್ತಿನಲ್ಲಿ ಕೇಳದಿದ್ದರೆ ಕಟ್ಟಿದ ಮೇಲೆ ಕೇಳಿ ಫಲವಿಲ್ಲ.

ಸೈಕಲ್ ತುಳಿಯುವ ನಮ್ಮ ಕಡೆಯಿಂದಲೂ ಆಗಬೇಕಾದುದು ಇದೆ. ಒಂಟಿಸಾಲಿನ ರಸ್ತೆಯಲ್ಲಿ ನಾಲ್ಕು ಮಂದಿ ಅಕ್ಕಪಕ್ಕದಲ್ಲಿ ಹರಟುತ್ತ ಸಾಗುವುದು, ಊರ ನಡುವೆ ಇಳಿಜಾರಿನ ವೇಗದಲ್ಲಿ ನುಗ್ಗುವುದು, ದಣಿವಿಗೆ ನುಂಗುವ ಜೆಲ್‌ನ ಖಾಲಿ ಪೊಟ್ಟಣವನ್ನು ಗದ್ದೆಗೆ ಎಸೆಯುವುದು, ದೇವಸ್ಥಾನದ ನಲ್ಲಿಯಲ್ಲಿ ಕೇಳದೆ ನೀರು ತುಂಬುವುದು ನಿಲ್ಲಬೇಕು. ಬೆಳಗಿನ ಅವಲಕ್ಕಿ, ಚಹಾ, ಬಾಳೆಹಣ್ಣನ್ನು ನಗರದಿಂದ ಹೊತ್ತು ತರುವ ಬದಲು ಹಳ್ಳಿಯ ಅಂಗಡಿಯಲ್ಲಿಯೇ ಕೊಂಡರೆ ನಮ್ಮ ಬರವಿನಿಂದ ಊರಿಗೆ ನಾಲ್ಕು ಕಾಸು ಸಿಕ್ಕೀತು, ನಮ್ಮ ಮಾತಿಗೆ ಬೆಲೆಯೂ ಬಂದೀತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಘಾಟುಗಳಲ್ಲಿ ಪಾಚಿ ಹಿಡಿದ ತಿರುವುಗಳೂ ಉರುಳುವ ಕಲ್ಲುಗಳೂ ಇರುವುದರಿಂದ ಆ ತಿಂಗಳುಗಳಲ್ಲಿ ಹಿನ್ನೀರಿನ ದಂಡೆಯ ದಾರಿಗಳಿಗಷ್ಟೇ ಸೀಮಿತವಾಗಿ, ಖಿಂಡಿಗಳನ್ನು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಕಾಲಕ್ಕೆ ಬಿಡುವುದು ವಿವೇಕ.

ಮಹಾರಾಷ್ಟ್ರದ ರಸ್ತೆಗಳ ಬಗ್ಗೆ ಕನ್ನಡ ಪತ್ರಿಕೆಗೆ ಬರೆಯುವುದೇಕೆಂದು ಓದುಗರಿಗೆ ಅನಿಸಬಹುದು. ಪುಣೆಯಲ್ಲಿ ಕನ್ನಡ ಪತ್ರಿಕೆ ತರಿಸಿ ಓದುವ ಮನೆಗಳು ಸಾಕಷ್ಟಿವೆ, ಆ ಮನೆಗಳ ಮಕ್ಕಳು ಈಗ ಈ ದಾರಿಗಳ ಮೇಲೆ ಇದ್ದಾರೆ. ಚಳಿಗಾಲದ ವಾರಾಂತ್ಯಗಳಲ್ಲಿ ಬೆಳಗಾವಿ, ಹುಬ್ಬಳ್ಳಿಗಳಿಂದ ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಬರುವವರೂ ಸಿಗುತ್ತಾರೆ. ಅದಲ್ಲದೆ ನಾನು ಇಂಡಿ ತಾಲೂಕಿನ ಭೀಮಾ ದಂಡೆಯವನು. ಬಹುಲಿಯ ರಸ್ತೆಯ ಪಕ್ಕದಲ್ಲಿ ಹರಿಯುವ ಮುಠಾ, ಪುಣೆಯಲ್ಲಿ ಮುಳಾ ಜೊತೆಗೂಡಿ, ಭೀಮೆಯನ್ನು ಸೇರಿ, ಉಜನಿ ಜಲಾಶಯ ದಾಟಿ ನಮ್ಮ ಹೊಲಗಳ ಬದಿಗೆ ಬರುತ್ತಾಳೆ. ಈ ಗುಡ್ಡಗಳನ್ನು ಕಡಿದ ಮಣ್ಣು ಯಾವ ಜಲಾಶಯಗಳ ತಳ ಸೇರುತ್ತದೆ ಎಂಬುದು ಕೆಳಗಿನವರಾದ ನಮಗೂ ಸಂಬಂಧಿಸಿದ ಮಾತು. ಕರ್ನಾಟಕದ ಬದಿಯಲ್ಲಿ ಬೆಳಗಾವಿಯಿಂದ ಜಾಂಬೋಟಿ, ಚೋರ್ಲಾ ಕಡೆಗಿನ ತಪ್ಪಲಿನಲ್ಲಿಯೂ ಇಂಥವೇ ಕಿರುದಾರಿಗಳಿವೆ, ಅವುಗಳ ಮೇಲೂ ಇದೇ ಒತ್ತಡ ಬೀಳಲಿದೆ. ಅಲ್ಲಿನ ಸವಾರರು ಪುಣೆಯಲ್ಲಿ ಆದದ್ದನ್ನು ನೋಡಿ ಈಗಲೇ ಎಚ್ಚೆತ್ತುಕೊಳ್ಳಬೇಕು.

ಮಹಾರಾಷ್ಟ್ರದಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ಗ್ರಾಮಸಭೆಗಳು ಸೇರುವ ರೂಢಿಯಿದೆ. ಏಕಪಥವನ್ನೇ ಗಟ್ಟಿಯಾಗಿ ಕಟ್ಟಿಕೊಡಿ, ಬದಿಗೆ ಮುರಮು ತುಂಬಿಸಿ, ರವಿವಾರ ಬೆಳಗ್ಗೆ ಡಂಪರು ನಿಲ್ಲಿಸಿ ಎಂಬ ಠರಾವು ಸಾಂಗ್ರುಣ, ಬಹುಲಿ, ಪಾಬೆ, ಕೋಳವಣದ ಸಭೆಗಳಿಂದಲೇ ಹೊರಟರೆ ಲೋಕೋಪಯೋಗಿ ಇಲಾಖೆಯೂ ಜಿಲ್ಲಾಧಿಕಾರಿಗಳೂ ಅದನ್ನು ಪಕ್ಕಕ್ಕಿಡುವುದು ಕಷ್ಟ. ಅದಕ್ಕಾಗಿ ನಮ್ಮ ಗುಂಪಿನವರು ಮರಾಠಿಯಲ್ಲಿ ಮನವಿಯ ಕರಡೊಂದನ್ನು ಸಿದ್ಧಪಡಿಸುತ್ತಿದ್ದು, ರವಿವಾರದ ಸವಾರಿಗಳಲ್ಲಿ ಸರಪಂಚರನ್ನು ಕಂಡು ಅವರ ತಿದ್ದುಪಡಿಗಳನ್ನು ಸೇರಿಸಿಕೊಳ್ಳುತ್ತಿದ್ದೇವೆ. ಈ ದಾರಿಗಳಲ್ಲಿ ತುಳಿಯುವ ಕನ್ನಡಿಗರು ತಾವು ಕಂಡ ಅಂಚಿನ ಕುಸಿತ, ಬಾಯ್ತೆರೆದ ಸಂದು, ಫಲಕವಿಲ್ಲದ ತಿರುವುಗಳನ್ನು ಹತ್ತಿರದ ಕಿಲೋಮೀಟರು ಕಲ್ಲಿನ ಸಂಖ್ಯೆಯೊಡನೆ ಬರೆದಿಟ್ಟುಕೊಂಡು ಆಯಾ ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಲಿಖಿತವಾಗಿ ಕೊಡಬೇಕೆಂದು, ಕೊಟ್ಟುದಕ್ಕೆ ಸ್ವೀಕೃತಿಯ ಮೊಹರನ್ನು ತಪ್ಪದೆ ಪಡೆಯಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಕೋಥರೂಡ, ಪುಣೆ